ಎಣಿಕೆಯ ಧರ್ಮ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಶುಭ ಸಮಾರಂಭದಲ್ಲಿ ನಾಲ್ಕು ಮಾತುಗಳನ್ನಾಡಲು ನನ್ನಂಥ ಸಾಮಾನ್ಯಳನ್ನು ಕರೆಯಿಸಿದುದಕ್ಕಾಗಿ ಸಂಘದ ಕಾರ್ಯಕಾರಿ ಮಂಡಲಿಗೆ ಮೊದಲು ನನ್ನ ಕೃತಜ್ಞತೆಯನ್ನು ಅರ್ಪಿಸುತ್ತೇನೆ. ಇಂಥ ಉತ್ಸವಗಳಲ್ಲಿ ಶರಣರ ವಚನಗಳನ್ನು ಕುರಿತೋ, ದಾಸರ ಪದಗಳನ್ನು ಕುರಿತೋ, ಗಡಿನಾಡಿನ ಕನ್ನಡ ಶಾಲೆಗಳ ಕಷ್ಟ-ಸುಖಗಳನ್ನು ಕುರಿತೋ ಬಲ್ಲವರು ಮಾತನಾಡುವುದು ವಾಡಿಕೆ. ನಾನು ಸಾಹಿತಿಯಲ್ಲ, ಪಂಡಿತಳೂ ಅಲ್ಲ. ಎಚ್.ಐ.ವಿ. ಎಂಬ ರೋಗಾಣು ಹರಡದಂತೆ ತಡೆಯುವ ಬಗೆಗಳನ್ನು ಶೋಧಿಸುವವರ ಜೊತೆಯಲ್ಲಿ ಕುಳಿತು, ಅವರು ತಂದ ಅಂಕಿ-ಅಂಶಗಳನ್ನು ಒರೆಗೆ ಹಚ್ಚಿ ನೋಡುವುದು ನನ್ನ ಉದ್ಯೋಗ. ಆ ಉದ್ಯೋಗದ ಬಗೆಗೇ ಮಾತನಾಡಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ.

ಈ ವಿಷಯವು ಗೊತ್ತಾದೊಡನೆ ಹಿರಿಯರೊಬ್ಬರು ನನ್ನನ್ನು ಹತ್ತಿರ ಕರೆದು, "ತಂಗೀ, ಹೆಣ್ಣುಮಕ್ಕಳು, ಸಣ್ಣ ಹುಡುಗರು ಕೂತಿರುವ ಸಭೆಯಲ್ಲಿ ಆ ರೋಗದ ಮಾತು ಎತ್ತುವುದು ಹೇಗೆ?" ಎಂದು ಕೇಳಿದರು. ಅವರ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೆ ನಾವು ನಾಚಿ ಸುಮ್ಮನಿದ್ದೇವೆಂದು ಆ ರೋಗಾಣುವೇನೂ ನಾಚಿ ಹೊಸ್ತಿಲಾಚೆ ನಿಂತಿಲ್ಲ. ಕಳೆದ ನಾಲ್ಕು ದಶಕಗಳಲ್ಲಿ ಅದು ಈ ಭಾಗದ ಎಷ್ಟೋ ಮನೆಗಳ ದೀಪವನ್ನು ನಂದಿಸಿದೆ. ಆದುದರಿಂದ ಮರ್ಯಾದೆಯನ್ನು ಮೀರದೆ, ಆದರೆ ಸತ್ಯವನ್ನು ಮರೆಸದೆ ಮಾತನಾಡುವೆನು. ನನ್ನ ಮಾತು ರೋಗಕ್ಕಿಂತ ಹೆಚ್ಚಾಗಿ ಎಣಿಕೆಯನ್ನು ಕುರಿತದ್ದು. ಮನುಷ್ಯರನ್ನು ಎಣಿಸುವುದಕ್ಕೂ ಒಂದು ಧರ್ಮವುಂಟೆಂಬುದನ್ನು ಈ ಉದ್ಯೋಗವೇ ನನಗೆ ಕಲಿಸಿತು.

ನನ್ನ ತಂದೆಯವರು ಇಚಲಕರಂಜಿಯ ಒಂದು ಮಗ್ಗದ ಕಾರಖಾನೆಯಲ್ಲಿ ದಿವಾಣಜಿಯಾಗಿದ್ದರು. ಸಂಜೆ ಮನೆಗೆ ಬಂದರೂ ಅವರ ಕಿವಿಯಲ್ಲಿ ಮಗ್ಗಗಳ ಖಡಖಡ ಸದ್ದು ನಿಲ್ಲುತ್ತಿರಲಿಲ್ಲವಂತೆ. ಕಿರ್ದಿಯನ್ನು ಬರೆಯುವಾಗ ಮಾತ್ರ ಅವರು ಯಾರೊಡನೆಯೂ ಮಾತನಾಡುತ್ತಿರಲಿಲ್ಲ. "ಕಿರ್ದಿಯಲ್ಲಿ ತಪ್ಪಿದವನು ಖಾತೆಯಲ್ಲಿ ಅಳುತ್ತಾನೆ" ಎಂಬುದು ಅವರ ಮಾತು. ದಿನದ ಲೆಕ್ಕ ಬರೆಯುವಾಗ ಒಂದು ಸೊನ್ನೆ ಜಾರಿದರೆ ವರ್ಷದ ಕೊನೆಗೆ ಯಾವನೋ ಬಡ ನೇಕಾರನ ಕೂಲಿ ಕಡಿಮೆಯಾಗುತ್ತದೆ ಎಂದು ಅವರು ಹೇಳುತ್ತಿದ್ದರು. ಮುಂದೆ ನಾನು ಸಂಖ್ಯಾಶಾಸ್ತ್ರವನ್ನು ಕಲಿತು, ಕಾಗದದ ಕಿರ್ದಿಯನ್ನು ಬಿಟ್ಟು ಕಂಪ್ಯೂಟರಿನ ಕಿರ್ದಿಯನ್ನು ಹಿಡಿದೆನು. ಆದರೆ ತಂದೆಯವರು ಕಲಿಸಿದ ಪಾಠಕ್ಕಿಂತ ದೊಡ್ಡದಾದ ಪಾಠವನ್ನು ಯಾವ ವಿದ್ಯಾಪೀಠವೂ ನನಗೆ ಕಲಿಸಲಿಲ್ಲ.

ನನ್ನ ಕೆಲಸದ ಸ್ವರೂಪವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಮೀಕ್ಷೆಗೆ ಹೋದವರು ಒಬ್ಬೊಬ್ಬರನ್ನು ಕಂಡು, ಅವರ ಒಪ್ಪಿಗೆ ಪಡೆದು, ಪ್ರಶ್ನೆಗಳನ್ನು ಕೇಳಿ ಉತ್ತರಗಳನ್ನು ಬರೆದುಕೊಳ್ಳುತ್ತಾರೆ. ಬೆರಳ ತುದಿಯಿಂದಲೋ ತೋಳಿನಿಂದಲೋ ಕೊಂಚ ರಕ್ತವನ್ನೂ ಪಡೆಯುತ್ತಾರೆ. ಹೆಸರಿನ ಸ್ಥಾನದಲ್ಲಿ ಒಂದು ಸಂಖ್ಯೆಯನ್ನು ಇಡುತ್ತಾರೆ. ನನ್ನ ಮುಂದೆ ಬರುವುದು ಆ ಸಂಖ್ಯೆಗಳ ಸಾಲುಗಳು ಮಾತ್ರ. ಒಂದು ಸಾಲೆಂದರೆ ಒಬ್ಬ ಮನುಷ್ಯ. ನನ್ನ ಮೊದಲ ಕೆಲಸ ತಪ್ಪುಗಳನ್ನು ಹುಡುಕುವುದು. ವಯಸ್ಸು 32 ಎಂದಿದ್ದು, ಮೊದಲ ಮಗು ಹುಟ್ಟಿದಾಗಿನ ವಯಸ್ಸು 41 ಎಂದು ಬರೆದಿದ್ದರೆ ಎಲ್ಲಿಯೋ ಕೈ ತಪ್ಪಿದೆಯೆಂದು ಅರ್ಥ. ಉತ್ತರ ಹೇಳಲು ಮನಸ್ಸಿಲ್ಲದವರಿಗೆ 99 ಎಂಬ ಗುರುತು ಹಾಕುವ ಪದ್ಧತಿಯುಂಟು. ಅದನ್ನರಿಯದ ಹೊಸಬರು ಆ 99ನ್ನು ನಿಜವಾದ ಅಂಕಿಯೆಂದು ಬಗೆದು ಸರಾಸರಿ ತೆಗೆದರೆ, ಹೇಳಲೊಲ್ಲದೆ ಸುಮ್ಮನಿದ್ದವರ ಮೌನವೇ ಇಡೀ ಲೆಕ್ಕವನ್ನು ಕೆಡಿಸಿಬಿಡುತ್ತದೆ. ಮೌನವನ್ನು ಮೌನವೆಂದೇ ಬರೆದಿಡಬೇಕು, ಅದನ್ನು ಮಾತೆಂದು ಎಣಿಸಬಾರದು. ಇದು ನಮ್ಮ ಉದ್ಯೋಗದ ಮೊದಲ ನಿಯಮ.

ಎಣಿಕೆಯಲ್ಲಿ ತಪ್ಪಿದರೆ ಏನಾಗುವುದೆಂಬುದಕ್ಕೆ ನಮ್ಮ ದೇಶದ ಇತಿಹಾಸದಲ್ಲಿಯೇ ದೊಡ್ಡ ನಿದರ್ಶನವುಂಟು. ಭಾರತದಲ್ಲಿ ಈ ಸೋಂಕು ಮೊದಲು ಕಂಡುಬಂದುದು 1986ರಲ್ಲಿ, ಮದ್ರಾಸಿನಲ್ಲಿ, ಡಾ. ಸುನೀತಿ ಸಾಲೊಮನ್ ಹಾಗೂ ಅವರ ಶಿಷ್ಯೆ ಸೆಲ್ಲಪ್ಪನ್ ನಿರ್ಮಲಾ ಅವರು ಅದನ್ನು ಪತ್ತೆ ಹಚ್ಚಿದರು. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಸ್ಥಾಪಿತವಾಯಿತು. 1998ರಿಂದ ದೇಶದ ಆಯ್ದ ಆಸ್ಪತ್ರೆಗಳಿಗೆ ತಪಾಸಣೆಗೆ ಬರುವ ಬಸಿರಿಯರ ಹಾಗೂ ಗುಪ್ತರೋಗದ ಚಿಕಿತ್ಸಾಲಯಗಳಿಗೆ ಬರುವವರ ರಕ್ತವನ್ನು ಹೆಸರಿಲ್ಲದೆ ಪರೀಕ್ಷಿಸಿ, ಆ ಫಲಿತಾಂಶಗಳಿಂದ ದೇಶದ ಸ್ಥಿತಿಯನ್ನು ಊಹಿಸುವ ಕ್ರಮವು ನಡೆದು ಬಂದಿತು. ಆ ಲೆಕ್ಕದ ಮೇಲೆ 2005ರಲ್ಲಿ ಭಾರತದಲ್ಲಿ ಸುಮಾರು 57 ಲಕ್ಷ ಸೋಂಕಿತರಿದ್ದಾರೆಂದು ವಿಶ್ವಸಂಸ್ಥೆಯ ಏಡ್ಸ್ ವಿಭಾಗವು ಅಂದಾಜು ಮಾಡಿತು. ಜಗತ್ತಿನಲ್ಲಿಯೇ ಅತಿ ಹೆಚ್ಚು ಸೋಂಕಿತರುಳ್ಳ ದೇಶ ನಮ್ಮದೆಂದು ಎಲ್ಲೆಡೆ ಸಾರಲಾಯಿತು.

ಅನಂತರ 2005-06ರಲ್ಲಿ ಮೂರನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆಯಿತು. ಈ ಸಲ ಆಸ್ಪತ್ರೆಗೆ ಬಂದವರನ್ನಷ್ಟೇ ನೋಡದೆ, ಮನೆಮನೆಗೆ ಹೋಗಿ, ಒಪ್ಪಿಗೆ ಪಡೆದು, ಒಂದು ಲಕ್ಷಕ್ಕೂ ಮಿಕ್ಕಿ ಜನರ ರಕ್ತವನ್ನು ಪರೀಕ್ಷಿಸಿದರು. 15ರಿಂದ 49 ವರ್ಷದೊಳಗಿನವರಲ್ಲಿ ಸೋಂಕು ನೂರಕ್ಕೆ 0.28ರಷ್ಟು ಮಾತ್ರ ಎಂದು ತಿಳಿದು ಬಂದಿತು. ಇದನ್ನೂ, ಹೊಸದಾಗಿ ಹೆಚ್ಚಿಸಿದ ತಪಾಸಣಾ ಕೇಂದ್ರಗಳ ಲೆಕ್ಕವನ್ನೂ ಕೂಡಿಸಿ, 2007ರ ಜುಲೈ ತಿಂಗಳಲ್ಲಿ ಸರಕಾರವು ಹೊಸ ಅಂದಾಜನ್ನು ಪ್ರಕಟಿಸಿತು. ಸೋಂಕಿತರ ಸಂಖ್ಯೆ ಸುಮಾರು 25 ಲಕ್ಷ! ಒಂದೇ ದಿನದಲ್ಲಿ 30 ಲಕ್ಷಕ್ಕೂ ಹೆಚ್ಚು ರೋಗಿಗಳು ಕಾಗದದಿಂದ ಮಾಯವಾದರು. ಅವರು ಗುಣವಾಗಿರಲಿಲ್ಲ, ಸತ್ತಿರಲೂ ಇಲ್ಲ. ಅವರು ಎಂದೂ ಇದ್ದವರೇ ಅಲ್ಲ. ಸರಕಾರಿ ಆಸ್ಪತ್ರೆಯ ಬಾಗಿಲಲ್ಲಿ ನಿಂತವರನ್ನು ಕಂಡು ಊರಿನವರೆಲ್ಲರೂ ಹಾಗೆಯೇ ಎಂದು ಭಾವಿಸಿದುದರ ಫಲವದು. ಸಂತೆಗೆ ಬಂದವರನ್ನು ಮಾತ್ರ ಎಣಿಸಿ, ಹೊಲದಲ್ಲಿದ್ದವರನ್ನು ಮರೆತಂತೆ.

ಹಾಗಾದರೆ ಭಯಪಡುವ ಕಾರಣವೇ ಇರಲಿಲ್ಲವೆ ಎಂದು ತಾವು ಕೇಳಬಹುದು. ಇತ್ತು, ವಿಶೇಷವಾಗಿ ನಮ್ಮ ಈ ಪ್ರದೇಶಕ್ಕೆ ಇತ್ತು. ಇಡೀ ದೇಶದ ಸರಾಸರಿಯು ಆಳವಾದ ಮಡುವನ್ನೂ ತೆಳುವಾದ ಹರಿವನ್ನೂ ಒಂದೇ ಮಟ್ಟವೆಂದು ತೋರಿಸುತ್ತದೆ. ಪಂಚಗಂಗೆಯ ಸರಾಸರಿ ಆಳವನ್ನು ನಂಬಿ ನದಿಗಿಳಿದವನು ಮುಳುಗುವುದುಂಟು. 2003ರಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ಭಾರತ-ಕೆನಡಾ ಸಹಯೋಗದಿಂದ ಮನೆಮನೆಯ ಸಮೀಕ್ಷೆಯೊಂದು ನಡೆಯಿತು. ಅಲ್ಲಿ ವಯಸ್ಕರಲ್ಲಿ ನೂರಕ್ಕೆ ಸುಮಾರು 3 ಮಂದಿಗೆ ಸೋಂಕು ಕಂಡಿತು. ಅದೂ ಪಟ್ಟಣದ ರೋಗವೆಂದು ಎಲ್ಲರೂ ತಿಳಿದಿದ್ದಾಗ ಹಳ್ಳಿಗಳಲ್ಲಿಯೇ ಹೆಚ್ಚಾಗಿ ಕಂಡಿತು. ತಾಲೂಕಿನಿಂದ ತಾಲೂಕಿಗೆ ಬಹಳ ವ್ಯತ್ಯಾಸವೂ ಇತ್ತು. ಬೆಳಗಾವಿ, ಬಾಗಲಕೋಟೆ, ಸಾಂಗ್ಲಿ, ಕೊಲ್ಲಾಪುರ ಜಿಲ್ಲೆಗಳು ಹೆಚ್ಚು ಎಚ್ಚರ ಬೇಕಾದ ಜಿಲ್ಲೆಗಳೆಂದು ಗಣನೆಗೆ ಬಂದುದು ಇಂಥ ಎಣಿಕೆಗಳಿಂದಲೇ. ದೇಶದ ಲೆಕ್ಕದಲ್ಲಿ ಹೆಚ್ಚಾಗಿ ಎಣಿಸಿದ್ದೂ ತಪ್ಪು, ನಮ್ಮ ಹಳ್ಳಿಗಳ ಲೆಕ್ಕದಲ್ಲಿ ಕಡಿಮೆಯಾಗಿ ಎಣಿಸಿದ್ದೂ ತಪ್ಪು. ಮೊದಲನೆಯದು ಭಯವನ್ನು ಹುಟ್ಟಿಸಿತು. ಎರಡನೆಯದು ಔಷಧವನ್ನೂ ತಿಳಿವಳಿಕೆಯನ್ನೂ ತಡವಾಗಿಸಿತು.

ಗಡಿನಾಡಿನಲ್ಲಿ ವಾಸಿಸುವ ನಮಗೆ ತಪ್ಪು ಎಣಿಕೆಯೆಂದರೇನೆಂಬುದನ್ನು ಯಾರೂ ಕಲಿಸಬೇಕಾಗಿಲ್ಲ. ಜನಗಣತಿಯವನು ಬಂದಾಗ ಮಾತೃಭಾಷೆಯ ಅಂಕಣದಲ್ಲಿ ಏನು ಬರೆದನೆಂದು ಬಗ್ಗಿ ನೋಡುವ ಜನ ನಾವು. ಎಣಿಕೆಗೆ ಸಿಗದವನಿಗೆ ಶಾಲೆಯಿಲ್ಲ, ಮಾಸ್ತರರಿಲ್ಲ, ಪುಸ್ತಕವಿಲ್ಲ ಎಂಬುದು ನಮ್ಮ ಅನುಭವ. ರೋಗದ ಎಣಿಕೆಯಲ್ಲಿಯೂ ಗಡಿಯು ಇಂಥದೇ ತೊಡಕನ್ನು ಒಡ್ಡುತ್ತದೆ.

ಅದೆಂತೆಂದರೆ, ಗಡಹಿಂಗ್ಲಜದಿಂದ ಹೊರಟವನು ಸಂಕೇಶ್ವರಕ್ಕೆ, ಕಾಗಲದಿಂದ ಹೊರಟವನು ನಿಪ್ಪಾಣಿಗೆ ಸ್ವಲ್ಪ ಹೊತ್ತಿನಲ್ಲಿಯೇ ತಲುಪುತ್ತಾನೆ. ಸಂತೆ, ಲಗ್ನ, ಜಾತ್ರೆ, ಕೂಲಿ ಇವು ಯಾವುವೂ ರಾಜ್ಯದ ಗೆರೆಯನ್ನು ಕೇಳುವುದಿಲ್ಲ. ಆದರೆ ಮಹಾರಾಷ್ಟ್ರದ ಏಡ್ಸ್ ನಿಯಂತ್ರಣ ಸಂಸ್ಥೆಯ ಕಿರ್ದಿ ಬೇರೆ, ಕರ್ನಾಟಕದ ಸಂಸ್ಥೆಯ ಕಿರ್ದಿ ಬೇರೆ. ಹೊಟ್ಟೆಪಾಡಿಗಾಗಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಳ್ಳಿಗಳಿಂದ ಸಾಂಗ್ಲಿ, ಕೊಲ್ಲಾಪುರ, ಪುಣೆ, ಮುಂಬಯಿಗಳ ಕಡೆಗೆ ಬಂದು ಮೈಮಾರಿಕೊಂಡು ಬದುಕುವ ಹೆಣ್ಣುಮಕ್ಕಳು ಹಿಂದಿನಿಂದಲೂ ಇದ್ದಾರೆ. ಅವರಲ್ಲಿ ಅನೇಕರು ಕನ್ನಡತಿಯರು. ದೇವದಾಸಿ ಪದ್ಧತಿಗೆ ಬಲಿಯಾದವರೂ ಉಂಟು. ಅಂಥ ಒಬ್ಬ ತಾಯಿ ಇಲ್ಲಿಯ ಪಟ್ಟಿಯಲ್ಲಿ ಒಮ್ಮೆ, ತನ್ನ ಊರಿನ ಪಟ್ಟಿಯಲ್ಲಿ ಇನ್ನೊಮ್ಮೆ ಎಣಿಕೆಯಾಗಬಹುದು. ಸವದತ್ತಿಯ ಯಲ್ಲಮ್ಮನ ಜಾತ್ರೆಯ ಹುಣ್ಣಿಮೆಯ ವಾರದಲ್ಲಿ ಇಲ್ಲಿ ಎಣಿಸಿದರೆ ಅವಳು ಇಲ್ಲಿರುವುದಿಲ್ಲ. ಮಗ್ಗಗಳು ನಡೆಯುವ ದಿನಗಳಲ್ಲಿ ಅಲ್ಲಿ ಎಣಿಸಿದರೆ ಅಲ್ಲಿರುವುದಿಲ್ಲ. ಎರಡು ಕಿರ್ದಿಗಳಿದ್ದರೂ ಅವಳು ಯಾವ ಖಾತೆಗೂ ಸೇರದೆ ಹೋಗಬಹುದು. ಆಗ ಅವಳಿಗೆ ಪರೀಕ್ಷೆ ಮಾಡುವವರಾರು? ಔಷಧ ತಪ್ಪಿದರೆ ಕೇಳುವವರಾರು? ಆದುದರಿಂದ ಎಲ್ಲಿ, ಯಾವ ತಿಂಗಳಲ್ಲಿ, ಯಾವ ಹೊತ್ತಿನಲ್ಲಿ ಎಣಿಸಿದರೆಂಬುದನ್ನು ಕೇಳದೆ ನಾನು ಯಾವ ಸಂಖ್ಯೆಯನ್ನೂ ಒಪ್ಪುವುದಿಲ್ಲ.

ಇನ್ನು ಭಾಷೆಯ ಮಾತು. ಮರಾಠಿಯಲ್ಲಿ ಅಚ್ಚಾದ ಪ್ರಶ್ನೆಗಳನ್ನು ಹಿಡಿದು ಕನ್ನಡದ ಹೆಣ್ಣುಮಗಳ ಮುಂದೆ ಕುಳಿತರೆ ಬರುವ ಉತ್ತರವನ್ನು ನಂಬುವುದು ಹೇಗೆ? "ನಿಮ್ಮ ಲಗ್ನ ಆಗಿದೆಯೇ?" ಎಂಬುದು ಅತಿ ಸರಳವಾದ ಪ್ರಶ್ನೆ. ಆದರೆ ಚಿಕ್ಕಂದಿನಲ್ಲಿ ಮುತ್ತು ಕಟ್ಟಿಸಿಕೊಂಡವಳು "ಆಗೇತ್ರಿ" ಎನ್ನುತ್ತಾಳೆ. ಅವಳ ಮನಸ್ಸಿನಲ್ಲಿ ದೇವರೊಡನೆ ಆದುದೇ ಲಗ್ನ. ಬರೆಯುವವನು 'ವಿವಾಹಿತೆ' ಎಂದು ಗುರುತು ಹಾಕುತ್ತಾನೆ. ನನ್ನ ಕೋಷ್ಟಕದಲ್ಲಿ ಅವಳು ಗಂಡನ ಮನೆಯಲ್ಲಿರುವ ಗೃಹಿಣಿಯಾಗಿಬಿಡುತ್ತಾಳೆ. ಹಾಗೆಯೇ "ಕಳೆದ ಏಳು ದಿನಗಳಲ್ಲಿ" ಎಂದು ಪುಸ್ತಕದ ಮಾತಿನಲ್ಲಿ ಕೇಳುವುದಕ್ಕಿಂತ, "ಹೋದ ಸಂತಿಯಿಂದ ಈ ಸಂತೀತನಕ" ಎಂದು ಕೇಳಿದರೆ ನೆನಪು ನಿಖರವಾಗಿ ಬರುತ್ತದೆ. ಇಂಥಲ್ಲಿ ಗಡಿನಾಡಿನ ಎರಡು ಭಾಷೆ ಬಲ್ಲ ಹುಡುಗಿಯೊಬ್ಬಳು ದೊಡ್ಡ ವಿದ್ವಾಂಸರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತಾಳೆ. ನಮ್ಮ ಮಕ್ಕಳು ಕನ್ನಡವನ್ನೂ ಮರಾಠಿಯನ್ನೂ ಕಲಿಯುವುದು ಹೊರೆಯೆಂದು ಕೊರಗುವವರು ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಬೇಕು.

ಎಣಿಕೆ ಸರಿಯಾಗಿದ್ದರೆ ಅದರಿಂದ ಏನು ಲಾಭ? ಇದಕ್ಕೆ ನಮ್ಮ ನೆರೆಯ ಪುಣೆಯಲ್ಲಿ ನಡೆದ ಸಂಶೋಧನೆಯನ್ನೇ ಉದಾಹರಿಸುತ್ತೇನೆ. ಗಂಡ-ಹೆಂಡಿರಲ್ಲಿ ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದಿದ್ದರೆ, ಸೋಂಕಿದ್ದವರಿಗೆ ಬೇಗನೆ ಔಷಧ ಕೊಡುವುದರಿಂದ ಇನ್ನೊಬ್ಬರನ್ನು ಕಾಪಾಡಬಹುದೇ ಎಂಬುದು ಪ್ರಶ್ನೆ. ಒಂಬತ್ತು ದೇಶಗಳ 1763 ಜೋಡಿಗಳು ಇದಕ್ಕೆ ಒಪ್ಪಿ ಸೇರಿಕೊಂಡರು. ಭಾರತದಲ್ಲಿ ಪುಣೆ, ಚೆನ್ನೈಗಳಲ್ಲಿ ಈ ಕೆಲಸ ನಡೆಯಿತು. ಪುಣೆಯಲ್ಲಿ ಅದನ್ನು ಕೈಕೊಂಡುದು ಅಂದು ರಾಷ್ಟ್ರೀಯ ಏಡ್ಸ್ ಸಂಶೋಧನ ಸಂಸ್ಥೆಯೆಂದು ಹೆಸರಾಗಿದ್ದ ಸಂಸ್ಥೆ. ಜೋಡಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ಒಂದು ಪಾಲಿಗೆ ಕೂಡಲೇ ಔಷಧ. ಇನ್ನೊಂದಕ್ಕೆ ಅಂದಿನ ನಿಯಮದಂತೆ ರೋಗನಿರೋಧ ಶಕ್ತಿ ಕುಗ್ಗಿದ ಮೇಲೆ ಔಷಧ. ಎರಡು ಪಾಲಿನವರಿಗೂ ತಿಳಿವಳಿಕೆ, ಕಾಂಡೋಮು, ತಪಾಸಣೆಗಳು ಸಮಾನವಾಗಿಯೇ ಇದ್ದವು.

ಇಂಥ ಪ್ರಯೋಗ ನಡೆಯುತ್ತಿರುವಾಗ ಯಾವ ಪಾಲಿನಲ್ಲಿ ಏನಾಗುತ್ತಿದೆಯೆಂಬುದನ್ನು ನಡೆಸುವ ವೈದ್ಯರಿಗೂ ತಿಳಿಸುವುದಿಲ್ಲ. ತಿಳಿದರೆ ಮನಸ್ಸು ವಾಲುತ್ತದೆ. ಅಂಕಿ-ಅಂಶ ನೋಡುವ ಕೆಲವರಿಗೂ, ಪ್ರಯೋಗಕ್ಕೆ ಹೊರಗಿನವರಾದ ಪರಿಶೀಲನ ಮಂಡಲಿಗೂ ಮಾತ್ರ ಅದು ಕಾಣುತ್ತದೆ. 2011ರಲ್ಲಿ ಮಂಡಲಿಯ ಮುಂದೆ ಲೆಕ್ಕ ಬಂದಿತು. ಹೊಸದಾಗಿ ಸೋಂಕು ತಗಲಿದವರು ಒಟ್ಟು 39 ಮಂದಿ. ಅವರಲ್ಲಿ ತಮ್ಮ ಸಂಗಾತಿಯಿಂದಲೇ ತಗಲಿತೆಂದು ರೋಗಾಣುವಿನ ವಂಶಲಕ್ಷಣದಿಂದ ಸಿದ್ಧವಾದವರು 28. ಆ 28ರಲ್ಲಿ ತಡವಾಗಿ ಔಷಧ ಪಡೆದ ಪಾಲಿನವರು 27. ಬೇಗ ಪಡೆದ ಪಾಲಿನವರು ಒಬ್ಬರೇ! ಮಂಡಲಿಯು ತಡಮಾಡದೆ ಫಲಿತಾಂಶವನ್ನು ಲೋಕಕ್ಕೆ ತಿಳಿಸಬೇಕೆಂದಿತು. ಎರಡನೆಯ ಪಾಲಿನವರಿಗೂ ಔಷಧ ದೊರೆಯುವಂತಾಯಿತು. ಸೋಂಕು ಗೊತ್ತಾದೊಡನೆ ಎಲ್ಲರಿಗೂ ಔಷಧ ಕೊಡಬೇಕೆಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. 2017ರಲ್ಲಿ ನಮ್ಮ ದೇಶವೂ ಅದನ್ನು ಅಂಗೀಕರಿಸಿತು. ಇಂದು ಕೊಲ್ಲಾಪುರದ ಸರಕಾರಿ ಆಸ್ಪತ್ರೆಯಲ್ಲಿ ಒಬ್ಬ ತಾಯಿಗೆ ಧರ್ಮಾರ್ಥವಾಗಿ ದೊರೆಯುವ ಗುಳಿಗೆಯ ಹಿಂದೆ ಆ 27 ಮತ್ತು 1 ಎಂಬ ಎರಡು ಸಂಖ್ಯೆಗಳಿವೆ. ಅವುಗಳ ಹಿಂದೆ ಹೆಸರು ಹೇಳದೆ ವರ್ಷಗಟ್ಟಲೆ ರಕ್ತ ಕೊಟ್ಟ ಸಾವಿರಾರು ದಂಪತಿಗಳಿದ್ದಾರೆ.

ಆದರೆ ಎಲ್ಲ ಲೆಕ್ಕಗಳೂ ಇಷ್ಟು ಸ್ಫುಟವಾಗಿರುವುದಿಲ್ಲ. 2003ರಲ್ಲಿ ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ 'ಆವಾಹನ' ಎಂಬ ಯೋಜನೆಯು ಕರ್ನಾಟಕ, ಮಹಾರಾಷ್ಟ್ರ ಸೇರಿ ಆರು ರಾಜ್ಯಗಳಲ್ಲಿ ಆರಂಭವಾಯಿತು. ಅದರಿಂದ ಎಷ್ಟು ಮಂದಿಗೆ ಸೋಂಕು ತಪ್ಪಿತು? 2011ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಮೊದಲ ಐದು ವರ್ಷಗಳಲ್ಲಿ ಸುಮಾರು 1 ಲಕ್ಷ ಎಂದಿತು. 2013ರ ಇನ್ನೊಂದು ಅಧ್ಯಯನವು ಬೇರೆ ರೀತಿಯಿಂದ ಎಣಿಸಿ, ಮೊದಲ ನಾಲ್ಕು ವರ್ಷಗಳಲ್ಲಿಯೇ ಸುಮಾರು 2 ಲಕ್ಷ, ಹತ್ತು ವರ್ಷಗಳಲ್ಲಿ ಸುಮಾರು 6 ಲಕ್ಷ ಎಂದಿತು. ಎರಡೂ ಪ್ರಾಮಾಣಿಕ ಲೆಕ್ಕಗಳೇ. ಆಗದೆ ಹೋದುದನ್ನು ಎಣಿಸುವುದು ಆದುದನ್ನು ಎಣಿಸುವುದಕ್ಕಿಂತ ಎಷ್ಟೋ ಕಠಿನ. ಯೋಜನೆಯಿಲ್ಲದಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸಿಯೇ ಹೇಳಬೇಕು. ಊಹೆ ಬೇರೆಯಾದರೆ ಉತ್ತರವೂ ಬೇರೆಯಾಗುತ್ತದೆ. ವಿಶ್ಲೇಷಕರು ತಮ್ಮ ಊಹೆಗಳನ್ನು ಬಚ್ಚಿಡದೆ ಹೇಳಬೇಕು. ಕೇಳುವವರೂ ಸಂಖ್ಯೆಯನ್ನು ದೇವವಾಣಿಯೆಂದು ತಿಳಿಯಬಾರದು.

ಎಣಿಕೆಗೆ ಗುರಿಯಾದವರೇ ಎಣಿಕೆಯ ಕೆಲಸದಲ್ಲಿ ಪಾಲುಗೊಂಡರೆ ಅದು ಇನ್ನಷ್ಟು ನಿಜವಾಗುತ್ತದೆ. ಸಾಂಗ್ಲಿಯಲ್ಲಿ 1992ರಿಂದ 'ಸಂಗ್ರಾಮ' ಎಂಬ ಸಂಸ್ಥೆ ಕೆಲಸ ಮಾಡುತ್ತಿದೆ. ಅದರ ಆಶ್ರಯದಲ್ಲಿ ಆ ಕಸುಬಿನ ಹೆಣ್ಣುಮಕ್ಕಳೇ 1996ರಲ್ಲಿ 'ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್' ಎಂಬ ಸಂಘಟನೆಯನ್ನು ಕಟ್ಟಿಕೊಂಡರು. ಇವರಲ್ಲಿ ಕನ್ನಡ ಮಾತನಾಡುವವರು ಬಹಳ. ಯಾವ ಓಣಿಯಲ್ಲಿ ಯಾರು ಹೊಸದಾಗಿ ಬಂದರು, ಯಾರು ಜಡ್ಡಾಗಿದ್ದಾರೆ, ಯಾರಿಗೆ ಪೋಲೀಸರ ಕಾಟ ಎಂಬುದು ಅವರಿಗೆ ತಿಳಿದಷ್ಟು ಹೊರಗಿನ ಯಾವ ಅಧಿಕಾರಿಗೆ ತಿಳಿದೀತು? ನಮ್ಮನ್ನು ಉದ್ಧರಿಸಲು ಬರಬೇಡಿ, ನಮ್ಮ ಮಾತನ್ನು ಕೇಳಿರಿ ಎಂಬುದು ಅಂಥ ಸಂಘಟನೆಗಳ ಧೋರಣೆ. ಗಡಹಿಂಗ್ಲಜದ ಪರಿಸರದಲ್ಲಿ 1970ರ ದಶಕದಿಂದಲೇ ದೇವದಾಸಿಯರ ವಿಮೋಚನೆಗಾಗಿ ಚಳವಳಿ ನಡೆದುದನ್ನು ಇಲ್ಲಿಯ ಹಿರಿಯರು ಬಲ್ಲರು. ಆ ಕಾಲದಲ್ಲಿ ಹೇಗೋ ಇಂದೂ ಹಾಗೆಯೇ, ನೊಂದವರ ಬಾಯಿಂದ ಬಂದ ಮಾತಿಗೆ ಇರುವ ಬೆಲೆ ನೋಡಿದವರ ಮಾತಿಗಿಲ್ಲ.

ಇನ್ನು ನನ್ನ ಸ್ವಂತ ತಪ್ಪೊಂದನ್ನು ತಮ್ಮೆದುರು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಒಂದು ಸಮೀಕ್ಷೆಯ ವರದಿಗಾಗಿ ಕೋಷ್ಟಕಗಳನ್ನು ಸಿದ್ಧಪಡಿಸುತ್ತಿದ್ದೆನು. ಊರು, ವಯಸ್ಸಿನ ಗುಂಪು, ವೈವಾಹಿಕ ಸ್ಥಿತಿ ಇವುಗಳಿಗೆ ಅನುಸಾರವಾಗಿ ಸೋಂಕಿತರ ಸಂಖ್ಯೆಯನ್ನು ಬೇರೆ ಬೇರೆ ಮನೆಗಳಲ್ಲಿ ತೋರಿಸಿದ್ದೆ. ಎಲ್ಲಿಯೂ ಯಾರ ಹೆಸರೂ ಇರಲಿಲ್ಲ. ಲೆಕ್ಕ ಸರಿಯಾಗಿತ್ತು. ಕೋಷ್ಟಕವು ಅಂದವಾಗಿದೆಯೆಂದು ನನಗೇ ಹೆಮ್ಮೆಯೂ ಆಗಿತ್ತು. ಮರುದಿನ ಕಳಿಸಬೇಕು. ರಾತ್ರಿ ಕೊನೆಯ ಸಲ ಕಣ್ಣಾಡಿಸುವಾಗ ಒಂದು ಮನೆಯಲ್ಲಿ '1' ಎಂದಿದ್ದುದು ಕಂಡಿತು. ಊರು ನನಗೆ ಗೊತ್ತಿದ್ದ ಊರು; ಹಿರಣ್ಯಕೇಶಿಯ ದಂಡೆಯ ಸಣ್ಣ ಹಳ್ಳಿ. ವಯಸ್ಸು ಇಪ್ಪತ್ತೈದರಿಂದ ಇಪ್ಪತ್ತೊಂಬತ್ತು. ಸ್ಥಿತಿ, ವಿಧವೆ.

ನನ್ನ ಎದೆ ಧಸಕ್ಕೆಂದಿತು. ಅಷ್ಟು ಸಣ್ಣ ಊರಿನಲ್ಲಿ ಆ ವಯಸ್ಸಿನ ವಿಧವೆಯರು ಎಷ್ಟು ಮಂದಿ ಇದ್ದಾರು? ಆ ಊರಿನವನೊಬ್ಬನು ಈ ಪುಟವನ್ನು ಓದಿದರೆ ಅವನಿಗೆ ಹೆಸರು ಬೇಕೆ? ನೀರು ಸೇದುವ ಬಾವಿಯಿಂದ ಅವಳನ್ನು ದೂರವಿಡಲು, ಅವಳ ಮಗುವನ್ನು ಶಾಲೆಯ ಪಂಕ್ತಿಯಿಂದ ಎಬ್ಬಿಸಲು ಆ ಒಂದು ಅಂಕಿ ಸಾಕು. ಸಮೀಕ್ಷೆಗೆ ಹೋಗಿದ್ದ ನಮ್ಮ ಹುಡುಗಿಯು ಮೊದಲೊಮ್ಮೆ ನನಗೆ ಹೇಳಿದ್ದಳು. ಒಬ್ಬ ಹೆಣ್ಣುಮಗಳು ರಕ್ತ ಕೊಡುವ ಮುನ್ನ ಅವಳ ಕೈ ಹಿಡಿದುಕೊಂಡು, "ಎಲ್ಲಾ ಬರಕೋರೀ ಅಕ್ಕಾರ, ನನ್ನ ಹೆಸರೊಂದು ಬಿಟ್ಟು" ಎಂದಿದ್ದಳಂತೆ. ನಾನು ಹೆಸರನ್ನು ಬಿಟ್ಟಿದ್ದೆ. ಆದರೆ ಹೆಸರು ಸಿಗುವ ದಾರಿಯನ್ನು ಬಿಚ್ಚಿಟ್ಟಿದ್ದೆ. ಆ ರಾತ್ರಿಯೇ ಊರುಗಳನ್ನು ಕೂಡಿಸಿ ತಾಲೂಕು ಮಾಡಿದೆ, ವಯಸ್ಸಿನ ಗುಂಪುಗಳನ್ನು ಹಿಗ್ಗಿಸಿದೆ. ಸಣ್ಣ ಸಂಖ್ಯೆಗಳನ್ನು ಒಂಟಿಯಾಗಿ ಬಿಡಬಾರದೆಂಬ ನಿಯಮವನ್ನು ನಾನು ಪುಸ್ತಕದಲ್ಲಿ ಓದಿದ್ದೆನು. ಅದು ನಿಯಮವಲ್ಲ, ಒಂದು ಜೀವದ ಮಾತು ಎಂಬುದು ಅಂದು ತಿಳಿಯಿತು. ಆ ಊರು ನನಗೆ ಗೊತ್ತಿಲ್ಲದಿದ್ದರೆ ಆ ಕಾಗದ ಹೊರಟುಹೋಗುತ್ತಿತ್ತಲ್ಲ ಎಂಬ ಅಳುಕು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಅಂದಿನಿಂದ, ನನಗೆ ಗೊತ್ತಿಲ್ಲದ ಊರುಗಳ ಕೋಷ್ಟಕವನ್ನೂ ನನ್ನ ಊರಿನದೆಂದು ಬಗೆದೇ ನೋಡುತ್ತೇನೆ.

ಈಗ ಇದಕ್ಕೆ ಕಾನೂನಿನ ಬಲವೂ ಒದಗಿದೆ. 2017ರಲ್ಲಿ ಸಂಸತ್ತು ಎಚ್.ಐ.ವಿ. ಹಾಗೂ ಏಡ್ಸ್ ಕುರಿತ ಕಾಯಿದೆಯನ್ನು ಅಂಗೀಕರಿಸಿತು. 2018ರ ಸೆಪ್ಟೆಂಬರ್ 10ರಿಂದ ಅದು ಜಾರಿಯಲ್ಲಿದೆ. ಸೋಂಕಿನ ಕಾರಣದಿಂದ ಯಾರನ್ನೂ ನೌಕರಿಯಿಂದ, ಶಾಲೆಯಿಂದ, ಬಾಡಿಗೆಯ ಮನೆಯಿಂದ ಹೊರಹಾಕುವಂತಿಲ್ಲ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಸೋಂಕಿತರ ದಾಖಲೆಗಳನ್ನು ಇಟ್ಟುಕೊಂಡವರು ಅವುಗಳ ಗುಟ್ಟನ್ನು ಕಾಪಾಡಲೇಬೇಕು. ಕಾನೂನು ಒಳ್ಳೆಯದೇ. ಆದರೆ ಬಾವಿಕಟ್ಟೆಯ ಮೇಲಿನ ಪಿಸುಮಾತಿಗೆ ಯಾವ ಕಾನೂನು ಬೀಗ ಹಾಕೀತು? ಅದನ್ನು ನಾವೇ ಹಾಕಿಕೊಳ್ಳಬೇಕು.

ಇಂದಿನ ಸ್ಥಿತಿಯನ್ನೂ ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. 2023ರ ಅಂದಾಜಿನಂತೆ ದೇಶದಲ್ಲಿ ಸೋಂಕಿನೊಡನೆ ಬಾಳುತ್ತಿರುವವರು ಸುಮಾರು 25 ಲಕ್ಷ. ವಯಸ್ಕರಲ್ಲಿ ನೂರಕ್ಕೆ 0.2ರಷ್ಟು. 2007ರಲ್ಲಿಯೂ 25 ಲಕ್ಷ, ಈಗಲೂ 25 ಲಕ್ಷವೆಂದರೆ ಏನೂ ಆಗಲಿಲ್ಲವೆಂದು ತಿಳಿಯಬಾರದು. ಅಂದು ಸಾಯುತ್ತಿದ್ದವರು ಇಂದು ಔಷಧದ ಬಲದಿಂದ ಬದುಕಿ ಮಕ್ಕಳ ಲಗ್ನ ಮಾಡುತ್ತಿದ್ದಾರೆ; ಹೊಸ ಸೋಂಕುಗಳು ಬಹಳಷ್ಟು ಇಳಿದಿವೆ. ಒಂದೇ ಸಂಖ್ಯೆಯು ಒಮ್ಮೆ ದುಃಖವನ್ನೂ ಇನ್ನೊಮ್ಮೆ ಸಮಾಧಾನವನ್ನೂ ಹೇಳುವುದುಂಟು. 2004ರಿಂದ ಸರಕಾರವು ಔಷಧವನ್ನು ಪುಕ್ಕಟೆಯಾಗಿ ಕೊಡುತ್ತಿದೆ. ತಪ್ಪದೆ ಔಷಧ ಸೇವಿಸಿ, ರಕ್ತಪರೀಕ್ಷೆಯಲ್ಲಿ ರೋಗಾಣು ಕಾಣದ ಮಟ್ಟಕ್ಕೆ ಇಳಿದವರಿಂದ ದಾಂಪತ್ಯದಲ್ಲಿ ಸಂಗಾತಿಗೆ ಸೋಂಕು ತಗಲುವುದಿಲ್ಲವೆಂಬುದು ಸಿದ್ಧವಾಗಿದೆ. ಬಸಿರಿಯು ಸಮಯಕ್ಕೆ ಔಷಧ ಪಡೆದರೆ ಕೂಸಿಗೆ ಸೋಂಕು ತಗಲುವ ಸಂಭವವೂ ಅತ್ಯಲ್ಪವಾಗುತ್ತದೆ. ಸಂದೇಹವಿದ್ದವರು 1097 ಎಂಬ ಸಂಖ್ಯೆಗೆ ಫೋನು ಮಾಡಿ ಪುಕ್ಕಟೆಯಾಗಿ ಕೇಳಬಹುದು, ಹೆಸರು ಹೇಳಬೇಕಾಗಿಲ್ಲ.

ಕೊನೆಯದಾಗಿ ತಮ್ಮಲ್ಲಿ ಮೂರು ವಿನಂತಿಗಳು. ಆರೋಗ್ಯದ ಸಮೀಕ್ಷೆಯವರು ಬಾಗಿಲಿಗೆ ಬಂದರೆ ಏನು, ಏಕೆ ಎಂದು ನೂರು ಪ್ರಶ್ನೆ ಕೇಳಿರಿ. ಕನ್ನಡದಲ್ಲಿಯೇ ಕೇಳೆಂದು ಹೇಳಿರಿ. ಒಪ್ಪಿದ ಮೇಲೆ ಮಾತ್ರ ನಿಜವನ್ನೇ ಹೇಳಿರಿ. ಎರಡನೆಯದು, ಯಾವುದೇ ವರದಿಯಲ್ಲಿ ನಮ್ಮ ಊರಿನ ಅಂಕಿಯನ್ನು ಕಂಡಾಗ "ಅದು ಯಾರು?" ಎಂದು ಕೇಳಬೇಡಿರಿ, "ನಾವು ಮಾಡಬೇಕಾದುದೇನು?" ಎಂದು ಕೇಳಿರಿ. ಮೂರನೆಯದು, ನಮ್ಮ ಕನ್ನಡ ಶಾಲೆಗಳ ಮಕ್ಕಳು ಗಣಿತಕ್ಕೆ ಹೆದರದಿರಲಿ. ಕನ್ನಡದಲ್ಲಿ ಮಗ್ಗಿ ಕಲಿತ ಹುಡುಗಿಯು ಜಗತ್ತಿನ ಯಾವ ಸಂಶೋಧನೆಯಲ್ಲಿಯೂ ಕುಳಿತು ಕೆಲಸ ಮಾಡಬಲ್ಲಳೆಂಬುದಕ್ಕೆ ನಾನೇ ಸಾಕ್ಷಿ. ಗಡಿನಾಡನ್ನು ಬಲ್ಲವರು ಲೆಕ್ಕದ ಮುಂದೆ ಕುಳಿತಾಗಲೇ ಗಡಿನಾಡಿನ ಲೆಕ್ಕ ಸರಿಯಾಗುವುದು.

ಈ ನಾಡಿನ ಪ್ರತಿಯೊಬ್ಬರೂ ಎಣಿಕೆಗೆ ಸಿಗಲಿ. ಅವರವರ ಹೆಸರು ಅವರವರ ಹತ್ತಿರವೇ ಉಳಿಯಲಿ.